ಮಡಿಸಿದರೆ ಮುರಿಯುವ ಹಾಳೆ

"ಹರೀರಿ ನೋಡೋಣ," ಅಂದರು ಅಜ್ಜ.

ದಾಖಲೆ ಪರೀಕ್ಷಕಿಯ ಕೈಯಲ್ಲಿ ಎರಡು ಹಾಳೆಗಳಿದ್ದವು. ಒಂದು ಅಚ್ಚ ಬಿಳಿ. ಇನ್ನೊಂದಕ್ಕೆ ಅಂಚಿನಿಂದ ಒಳಕ್ಕೆ ಹಳದಿ ತಿರುಗಿತ್ತು. ಗೋದಾಮಿನ ಒಂದೇ ಕಿಟಕಿಯಿಂದ ಬೆಳಗಿನ ಬಿಸಿಲು ಬಂದು ಎರಡರ ಮೇಲೂ ಬಿದ್ದಿತ್ತು. ಸುತ್ತ ಸೂರಿನವರೆಗೂ ಕಾಗದದ ಕಟ್ಟುಗಳು. ಅಜ್ಜನಿಗೆ ಎಂಬತ್ತೆರಡು. ಕಾಗದದ ಗಿರಣಿಯಲ್ಲಿ ನಲವತ್ತು ವರ್ಷ ಮಾರಾಟದ ಕೆಲಸ ಮಾಡಿದವರು. ಗಿರಣಿ ಮುಚ್ಚಿದ ಮೇಲೆ ಮಿಕ್ಕ ಸರಕಿನ ಜೊತೆಗೆ ತಾವೂ ಇಲ್ಲೇ ಮಿಕ್ಕಿದ್ದರು.

"ಯಾವುದನ್ನ ಮೊದಲು?"

"ಯಾವುದಾದ್ರೂ ಸರಿ. ಕಿವಿ ಕೊಟ್ಟು ಹರೀರಿ. ಕಣ್ಣನ್ನ ನೀವು ಬೇಕಾದಷ್ಟು ಬಳಸಿದ್ದೀರಿ."

ಊರೆಲ್ಲ 'ಭೂತಗನ್ನಡಿ' ಎಂದು ಕರೆಯುವ ಹೆಂಗಸಿಗೆ ಹೀಗೆ ಹೇಳುವ ಧೈರ್ಯ ಈ ಅಜ್ಜನೊಬ್ಬನಿಗೇ ಇದ್ದದ್ದು. ಖೊಟ್ಟಿ ಸಹಿ, ತಿದ್ದಿದ ತಾರೀಖು, ಆಮೇಲೆ ಸೇರಿಸಿದ ಪುಟ, ಏನೇ ಇರಲಿ, ಇಪ್ಪತ್ತೇಳು ವರ್ಷದಿಂದ ಅವಳು ಹೇಳಿದ್ದೇ ಕೊನೆಯ ಮಾತು. ಅವಳ ವರದಿ ಬಂತೆಂದರೆ ವಕೀಲರು ಕಡತ ಕಟ್ಟಿ ಎದ್ದುಬಿಡುತ್ತಿದ್ದರು.

ಅವಳು ಹಳದಿ ಹಾಳೆ ಹರಿದಳು. ಅದು ಸುಲಭಕ್ಕೆ ಹರಿಯಲಿಲ್ಲ. ಬಟ್ಟೆ ಹರಿದ ಹಾಗೆ ಎಳೆಎಳೆಯಾಗಿ ಎಳೆದುಕೊಂಡು ಬಂತು.

"ಈಗ ಬಿಳಿ. ಅದನ್ನ ಹರೀಬೇಡಿ, ಮಡಿಸಿ. ಉಗುರಿನಿಂದ ಒತ್ತಿ."

ಮಡಿಸಿ ಒತ್ತಿದಳು. ಚಟ್.

ಸಣ್ಣ, ಒಣ ಸದ್ದು. ಇನ್ನೊಂದು ಸಲ ಹಿಂದಕ್ಕೆ ಮಡಿಸಿದಾಗ ಹಾಳೆ ಗೆರೆಯ ಉದ್ದಕ್ಕೂ ಬಾಯಿ ಬಿಟ್ಟಿತು.

"ಎಷ್ಟು ವರ್ಷದ್ದು ಅಂತೀರಿ ಇದು?"

"ಬಣ್ಣ ನೋಡಿದ್ರೆ ಎರಡು ವರ್ಷದ್ದಿರಬೇಕು."

"ಮೂವತ್ತೊಂದು," ಅಂದರು ಅಜ್ಜ. "ಎರಡೂ ಮೂವತ್ತೊಂದು ವರ್ಷದ್ದೇ. ಒಂದೇ ತಿಂಗಳಲ್ಲಿ ಗಿರಣಿ ಬಿಟ್ಟು ಬಂದವು. ಕಟ್ಟಿನ ಮೇಲೆ ತಾರೀಖಿದೆ, ನೀವೇ ಓದಿ."

ಅವಳು ಓದಿದಳು. ಎರಡು ಸಲ ಓದಿದಳು. ಆಮೇಲೆ ಕುಳಿತುಕೊಳ್ಳಲು ಏನಾದರೂ ಇದೆಯೇ ಎಂದು ಸುತ್ತ ನೋಡಿದಳು.

ಕಳೆದ ವಾರ ಹಳೆಯ ಕಡತವೊಂದರಿಂದ ಜಾರಿ ಬಿದ್ದ ಸರಬರಾಜು ಚೀಟಿ ಈಗ ಅವಳ ಚೀಲದಲ್ಲಿತ್ತು. ನರ್ಸಿಂಗ್ ಶಾಲೆಗೆ ಕಾಗದ ಕಳಿಸಿದ ಚೀಟಿ. ಅದರಲ್ಲಿ ಎರಡೇ ಸಾಲು. ರಿಜಿಸ್ಟರಿನ ಹಾಳೆ: ಡ್ಯೂರಬಲ್. ಫಲಿತಾಂಶದ ಹಾಳೆ: ಪರ್ಮನೆಂಟ್. ಚೀಟಿ ಅವಳಿಗೆ ಹೊಸದಲ್ಲ. ಒಂಬತ್ತು ವರ್ಷದ ಹಿಂದೆಯೇ ಓದಿದ್ದಳು. ಓದಿ, ಎರಡೂ ಬಹುಕಾಲ ಬಾಳುವುದು ಅನ್ನುವ ಮಾತೇ ಅಲ್ಲವೇ ಎಂದು ಪಕ್ಕಕ್ಕೆ ಇಟ್ಟಿದ್ದಳು. ವರದಿಯಲ್ಲೂ ಹಾಗೇ ಬರೆದಿದ್ದಳು. ಆ ವಾಕ್ಯ ಅವಳಿಗೆ ಬಾಯಿಪಾಠವಿತ್ತು. 'ಎರಡು ವಿವರಣೆಗಳ ಅರ್ಥವೂ ಒಂದೇ ಆದ್ದರಿಂದ ಇಡೀ ರಿಜಿಸ್ಟರು ಒಂದೇ ಬಗೆಯ ಕಾಗದದ್ದು. ಬಿಳಿಯಾಗಿಯೇ ಉಳಿದಿರುವ ಈ ಒಂದು ಹಾಳೆ ಆಮೇಲೆ ಸೇರಿಸಿದ್ದು.' ಆ ಹಾಳೆಯಲ್ಲಿ ಹೆಸರಿದ್ದ ನರ್ಸೊಬ್ಬಳ ಕೆಲಸ ಹೋದದ್ದು ಆ ಮಾತಿನ ಮೇಲೆಯೇ.

"ನಮ್ಮ ಧಂದೆಯಲ್ಲಿ ಇವೆರಡೂ ಒಂದೇ ಮನೆ ಮಕ್ಕಳಲ್ಲ ಅಮ್ಮಾ," ಅಂದರು ಅಜ್ಜ. ಅವಳ ಮುಖ ನೋಡಿ ದನಿ ಸ್ವಲ್ಪ ಇಳಿಸಿದ್ದರು. "ದಿನಾ ಹತ್ತು ಕೈ ಮುಟ್ಟೋ ಪುಸ್ತಕಕ್ಕೆ ಡ್ಯೂರಬಲ್. ಎಷ್ಟು ತಿರುವಿದ್ರೂ ಹರಿಯಲ್ಲ. ಆದ್ರೆ ಹಳದಿಯಾಗುತ್ತೆ, ಹೆಚ್ಚು ಕಮ್ಮಿ ನೂರು ವರ್ಷಕ್ಕೆ ಪುಡಿಯೂ ಆಗುತ್ತೆ. ಬೀರುವಿನಲ್ಲಿಟ್ಟು ಮರೆತುಬಿಡೋ ಕಾಗದಕ್ಕೆ ಪರ್ಮನೆಂಟ್. ಮೊಮ್ಮಕ್ಕಳ ಕಾಲಕ್ಕೂ ಬಣ್ಣ ತಿರುಗಲ್ಲ. ಆದ್ರೆ ಕೈಗೆ ಕೊಟ್ರೆ ಬಾಳಲ್ಲ. ನಾಲ್ಕು ಸಲ ಮಡಿಸಿದ್ರೆ ಮುಗೀತು."

"ಶಾಲೆಯವರು ಫಲಿತಾಂಶದ ಹಾಳೆ ಬೇರೆ ತರಿಸ್ತಿದ್ರಾ?"

"ಪ್ರತಿ ವರ್ಷ. ಪರೀಕ್ಷಾ ಮಂಡಳಿಯವರು ಆ ಬಿಳಿ ಹಾಳೆ ಮೇಲೆ ಪಾಸಾದವರ ಹೆಸರು ಬರೆದು ಮೊಹರು ಹಾಕಿ ಕಳಿಸೋರು. ಶಾಲೆಯ ಗುಮಾಸ್ತ ಅದನ್ನ ಆ ವರ್ಷದ ರಿಜಿಸ್ಟರಿಗೆ ಅಂಟಿಸೋನು. ಏಳು ವರ್ಷ ಹೀಗೇ ನಡೀತು. ಏಳು ಪುಸ್ತಕ, ಏಳು ಬಿಳಿ ಹಾಳೆ."

ಅವಳು ನೋಡಿದ್ದು ಒಂದೇ ಪುಸ್ತಕ.

ಕೈಯಲ್ಲಿದ್ದ ಬಿಳಿ ಹಾಳೆಯನ್ನು ಅವಳು ಮೇಜಿನ ಮೇಲಿಟ್ಟಳು. ನಾಚಿಕೆ ಅನ್ನುವುದು ಮೊದಲು ಮುಖಕ್ಕೆ ಬರುತ್ತದೆ ಅನ್ನುತ್ತಾರೆ. ಅವಳಿಗೆ ಕೈಗೆ ಬಂತು. ಆ ಕೈಯಲ್ಲಿ ಎಷ್ಟು ವರದಿಗೆ ಸಹಿ ಹಾಕಿದ್ದೇನೆ ಅನ್ನಿಸಿ, ಅದನ್ನು ಸೆರಗಿನ ಮರೆಗೆ ಎಳೆದುಕೊಂಡಳು.

"ಅಜ್ಜ, ಈ ಎರಡು ಹಾಳೆ ನನಗೆ ಬೇಕು."

"ತಗೊಳ್ಳಿ. ಒಂಬತ್ತು ವರ್ಷದ ಹಿಂದೆ ಬಂದಿದ್ರೂ ಕೊಡ್ತಿದ್ದೆ," ಅಂದರು ಅಜ್ಜ. ಚುಚ್ಚಬೇಕೆಂದು ಅಂದದ್ದಲ್ಲ. ಚುಚ್ಚಿತು ಮಾತ್ರ ಸರಿಯಾಗಿಯೇ.

ಹೊರಗೆ ಕಾರಿನಲ್ಲಿ ಗಂಡ ಪೇಪರು ಓದುತ್ತ ಕುಳಿತಿದ್ದರು. ಅವರು ಗಡಿಯಾರ ರಿಪೇರಿಯವರು. ಅಂಗಡಿಗೆ ಗಿರಾಕಿ ಕಮ್ಮಿಯಾದ ಮೇಲೆ ಹೆಂಡತಿಗೆ ಡ್ರೈವರ್, ಗುಮಾಸ್ತ, ಅಡುಗೆಯವರು ಎಲ್ಲ ಅವರೇ. ಕಚೇರಿಗಳಿಂದ ಕಡತ ತರುವುದು, ವಾಪಸು ಮುಟ್ಟಿಸುವುದು ಅವರ ಪಾಲಿನ ಕೆಲಸ. ಆ ಕೆಲಸದಲ್ಲಿ ಒಂದು ದಿನವೂ ಹೆಚ್ಚುಕಮ್ಮಿ ಮಾಡಿದವರಲ್ಲ.

ಅವಳು ಕೊಟ್ಟ ಎರಡು ಹಾಳೆಯನ್ನು ಲಕೋಟೆಗೆ ಹಾಕಿ, ಮೇಲೆ ತಾರೀಖು ಬರೆದು, ತಮ್ಮ ಸಹಿಯ ಕೆಳಗೆ ಒಂದು ಸಣ್ಣ ಕೊಕ್ಕೆ ಎಳೆದರು. ಗಡಿಯಾರದ ಮುಚ್ಚಳದ ಒಳಗೆ ರಿಪೇರಿಯವರು ಗೀರುವ ಗುರುತು ಅದು. ಹಾಲಿನ ಚೀಟಿಗೂ ಅದೇ ಕೊಕ್ಕೆ, ಮಗನ ಶಾಲೆಯ ಪ್ರಗತಿ ಪತ್ರಕ್ಕೂ ಅದೇ ಕೊಕ್ಕೆ.

"ಮುಖ ಯಾಕೆ ಹಾಗಿದೆ?"

"ರೀ, ನರ್ಸಕ್ಕನ ಕೇಸಿನಲ್ಲಿ ನಾನು ತಪ್ಪು ಮಾಡಿದ್ದೀನಿ."

ಅವರು ಲಕೋಟೆಯ ಬಾಯಿ ಅಂಟಿಸುತ್ತಿದ್ದವರು ಹಾಗೇ ನಿಧಾನಕ್ಕೆ ಅಂಟಿಸಿ ಮುಗಿಸಿದರು. "ಎಲ್ಲಿಗೆ ಹೋಗಬೇಕು ಈಗ?" ಅಂದರಷ್ಟೇ.

ಗಂಡ ಹೆಚ್ಚು ಮಾತಾಡದಿದ್ದದ್ದು ಅವಳಿಗೆ ಆ ಹೊತ್ತಿಗೆ ದೊಡ್ಡ ಉಪಕಾರವೆನ್ನಿಸಿತು.

*

ಈಜುಕೊಳದ ಒಳಬಾಗಿಲ ಪಕ್ಕದಲ್ಲಿ ಒಂದು ಕಿಟಕಿ. ಕಿಟಕಿಯ ಹಿಂದೆ ಟವೆಲ್ಲುಗಳ ರಾಶಿ, ಗೋಡೆಗೆ ಬೀಗದ ಕೈಗಳ ಸಾಲು. ನರ್ಸಕ್ಕ ಅಲ್ಲಿ ಕುಳಿತು ಒಂಬತ್ತು ವರ್ಷವಾಗುತ್ತ ಬಂದಿತ್ತು. ನರ್ಸ್ ಅಲ್ಲ ಎಂದು ಸರ್ಕಾರವೇ ಬರೆದುಕೊಟ್ಟ ಮೇಲೂ ಜನ ಅವಳನ್ನು ನರ್ಸಕ್ಕ ಎಂದೇ ಕರೆಯುತ್ತಿದ್ದರು. ಕೆಲವರು ಪ್ರೀತಿಯಿಂದ, ಕೆಲವರು ತುಟಿ ಕೊಂಕಿಸಿ.

"ಟವೆಲ್ಲಾ, ಬೀಗದ ಕೈಯಾ?" ತಲೆ ಎತ್ತದೆ ಕೇಳಿದಳು.

"ನರ್ಸಕ್ಕ. ನಾನು."

ಟವೆಲ್ ಮಡಿಸುತ್ತಿದ್ದ ಕೈ ನಿಲ್ಲಲಿಲ್ಲ. ಮೂಲೆ ಒಳಕ್ಕೆ, ಬದಿ ಮೇಲಕ್ಕೆ, ಕೆಳಗಿನದು ಅಡಿಗೆ. ಹಸುಗೂಸನ್ನು ಸುತ್ತುವ ಮಡಿಕೆ. ಬೇರೆ ಥರ ಮಡಿಸಲು ಆ ಕೈಗೆ ಬರುತ್ತಲೇ ಇರಲಿಲ್ಲವೇನೋ.

"ಗೊತ್ತಾಯ್ತು. ಮಗ ಹೇಗಿದ್ದಾನೆ?"

ಪರೀಕ್ಷಕಿ ಏನೇನೋ ಸಿದ್ಧ ಮಾಡಿಕೊಂಡು ಬಂದಿದ್ದಳು. ಈ ಪ್ರಶ್ನೆಗೆ ಸಿದ್ಧಳಿರಲಿಲ್ಲ.

"ಚೆನ್ನಾಗಿದ್ದಾನೆ. ಇಪ್ಪತ್ನಾಲ್ಕು ತುಂಬಿತು."

"ಕಾಲು ಮೊದಲು ಬಂದಿತ್ತು ಅವನದು. ಡಾಕ್ಟರು ಊರಲ್ಲಿರಲಿಲ್ಲ. ಮೂರು ಗಂಟೆ ಕಷ್ಟಪಟ್ಟಿರಿ ನೀವು." ನರ್ಸಕ್ಕ ಮಡಿಸಿದ ಟವೆಲ್ಲನ್ನು ರಾಶಿಯ ಮೇಲಿಟ್ಟಳು. "ಅವತ್ತು ನೀವು ನನ್ನ ಸರ್ಟಿಫಿಕೇಟ್ ಕೇಳಿರಲಿಲ್ಲ."

ಒಳಗೆ ಯಾರೋ ನೀರಿಗೆ ಹಾರಿದರು. ಆ ಸದ್ದು ಅಡಗಿತು.

ಆಮೇಲೆ ಪರೀಕ್ಷಕಿ ಹೇಳಿದಳು. ಎರಡು ಹಾಳೆ, ಎರಡು ಮಾತು, ಒಂದು ತಪ್ಪು. ಸುತ್ತಿಬಳಸದೆ, ನಿಂತಲ್ಲೇ ನಿಂತು, ಟವೆಲ್ಲಿಗಾಗಿ ಕಾಯುತ್ತಿದ್ದ ಇಬ್ಬರು ಹೆಂಗಸರಿಗೂ ಕೇಳಿಸುವ ಹಾಗೆ ಹೇಳಿದಳು. ಕೇಳಿಸಲಿ ಅಂತಲೇ ಹೇಳಿದ್ದು. ಅವಮಾನ ಮಾಡಿದ್ದು ನಾಲ್ಕು ಜನರ ಎದುರಿಗೆ, ತಪ್ಪೊಪ್ಪಿಗೆ ಮಾತ್ರ ಗುಟ್ಟಾಗಿ ಹೇಗೆ ಮಾಡುವುದು?

ಹೇಳುತ್ತಿದ್ದ ಹಾಗೆ ತನ್ನದೇ ಹಳೆಯ ಭಾಷಣ ನೆನಪಾಯಿತು. ಎಂಟು ವರ್ಷದ ಹಿಂದೆ ಅವಳಿಗೊಂದು ಸನ್ಮಾನ. ದೊಡ್ಡ ಸಭಾಂಗಣ, ಹೂವಿನ ಹಾರ. ಮೈಕಿನ ಮುಂದೆ ನಿಂತು, 'ನನ್ನ ಮಗನನ್ನು ಎತ್ತಿಕೊಂಡ ಕೈಯನ್ನೂ ನಾನು ಬಿಡಲಿಲ್ಲ, ಸತ್ಯಕ್ಕೆ ನೆಂಟಸ್ತಿಕೆ ಇಲ್ಲ' ಅಂದಿದ್ದಳು. ಎಷ್ಟು ಹೊತ್ತು ಚಪ್ಪಾಳೆ ಬಿತ್ತು. ಮನೆಗೆ ಬಂದು ಕನ್ನಡಿಯ ಮುಂದೆ ಇನ್ನೊಂದು ಸಲ ಅಂದು ನೋಡಿಕೊಂಡಿದ್ದಳು. ಈಗ ಆ ಮಾತು ನೆನೆದರೆ, ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ನೆಲ ಅಷ್ಟು ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಈಜುಕೊಳದ್ದಂತೂ ಕಲ್ಲಿನ ನೆಲ.

"ನನ್ನನ್ನ ಕ್ಷಮಿಸಿ ಅಂತ ಕೇಳೋ ಮುಖ ನನಗಿಲ್ಲ," ಅಂದಳು ಕೊನೆಗೆ.

"ಬೇಡ, ಕೇಳಬೇಡಿ," ಅಂದಳು ನರ್ಸಕ್ಕ. "ಹೊಟ್ಟೆಗೆ ಹಾಕ್ಕೊಂಡು ಹಾಕ್ಕೊಂಡು ಅಲ್ಲಿ ಜಾಗ ಇಲ್ಲ."

ಕಾಯುತ್ತಿದ್ದ ಇಬ್ಬರಿಗೂ ಟವೆಲ್ ಕೊಟ್ಟು ಕಳಿಸಿದಳು. ಅವರು ಹಿಂತಿರುಗಿ ನೋಡುತ್ತಲೇ ಹೋದರು. ನರ್ಸಕ್ಕ ಕಿಟಕಿಯ ಸರಳಿಗೆ ಮುಖ ಹತ್ತಿರ ತಂದಳು.

"ಕೆಲಸ ಹೋಯ್ತು ಅಂತ ನಾನು ಅತ್ತಿಲ್ಲ. ನನ್ನ ವಾರ್ಡಿನಲ್ಲಿ ಒಬ್ಬ ಹೆಂಗಸು ರಕ್ತ ಹೋಗಿ ಸತ್ತ ದಿನ ಆಸ್ಪತ್ರೆ ಸೂಪರಿಂಟೆಂಡೆಂಟರನ್ನ ಮೂರು ಸಲ ಕರೆದೆ. ಬರಲಿಲ್ಲ. ಅದನ್ನ ವಿಚಾರಣೆಯಲ್ಲಿ ಹೇಳ್ತೀನಿ ಅಂದೆ. ಹದಿನೈದು ದಿನಕ್ಕೆ ನನ್ನ ಮೇಲೆ ಹೆಸರಿಲ್ಲದ ಅರ್ಜಿ ಬಂತು. ಆಮೇಲೆ ನಿಮ್ಮ ವರದಿ. ನಾನು ನರ್ಸೇ ಅಲ್ಲ ಅಂದಮೇಲೆ ನನ್ನ ಸಾಕ್ಷಿಗೆ ಏನು ಬೆಲೆ? ಅಷ್ಟೇ ಅಲ್ಲ, ಆ ಸಾವೂ ನನ್ನ ತಲೆಗೇ ಬಂತು. ಖೊಟ್ಟಿ ನರ್ಸ್ ಕೊಂದಳು ಅಂತ."

ಪರೀಕ್ಷಕಿ ತಲೆ ತಗ್ಗಿಸಿದಳು.

"ಹೋದ ವರ್ಷ ನನ್ನ ಮಗಳಿಗೆ ಹೆರಿಗೆ ಆಯ್ತು. ಬೀಗರು ನನ್ನನ್ನ ಬಾಗಿಲ ಹೊರಗೇ ಕೂರಿಸಿದ್ರು. ಒಳಗೆ ಅವಳು ಕೂಗ್ತಿದ್ದಳು, ಹೊರಗೆ ನಾನು." ಅವಳು ಇನ್ನೊಂದು ಟವೆಲ್ ಎಳೆದುಕೊಂಡು ಮಡಿಸತೊಡಗಿದಳು. "ನಾಳೆ ಹನ್ನೊಂದು ಗಂಟೆಗೆ ನನ್ನ ಕೊನೆಯ ಮೇಲ್ಮನವಿ. ಅದಾದ ಮೇಲೆ ಕಡತ ಮುಚ್ಚಿಬಿಡ್ತಾರೆ. ನಿಮ್ಮ ಕಣ್ಣೀರು ತಗೊಂಡು ನಾನೇನು ಮಾಡಲಿ? ನನಗೆ ಕಾಗದ ತಂದುಕೊಡಿ."

"ತರ್ತೀನಿ. ಮಿಕ್ಕ ಆರು ರಿಜಿಸ್ಟರಿನಲ್ಲೂ ಇಂಥದೇ ಬಿಳಿ ಹಾಳೆ ಇರಬೇಕು. ಅವನ್ನ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟರೆ ಸಾಕು, ಒಂದು ಮಾತೂ ಆಡಬೇಕಾಗಿಲ್ಲ."

ನರ್ಸಕ್ಕ ಅವಳನ್ನೇ ನೋಡಿದಳು. ಮೊದಲ ಸಲ ಆ ಮುಖದಲ್ಲಿ ಸಿಟ್ಟು ಕಂಡಿತು.

"ಅದನ್ನೇ ಅಲ್ವಾ ನಾನು ಅವತ್ತು ಹೇಳಿದ್ದು? ನಿಮ್ಮ ಮನೆ ಮೆಟ್ಟಿಲ ಮೇಲೆ ಎರಡು ಗಂಟೆ ಕೂತಿದ್ದೆ. ನೀವು ಹೊರಗೆ ಬರಲಿಲ್ಲ. ನಿಮ್ಮ ಯಜಮಾನರು ನೀರು ತಂದುಕೊಟ್ರು. ಬೇರೆ ಪುಸ್ತಕಾನೂ ನೋಡೋಕೆ ಹೇಳಿ ಅಂತ ಅವರ ಹತ್ತಿರ ಹೇಳಿ ಕಳಿಸಿದೆ."

ಪರೀಕ್ಷಕಿಗೆ ಮೆಟ್ಟಿಲು ನೆನಪಿತ್ತು. ಕಿಟಕಿಯ ಪರದೆ ಸರಿಸಿ ನೋಡಿದ್ದೂ ನೆನಪಿತ್ತು. ಕೇಸಿನವರನ್ನು ಮನೆಗೆ ಸೇರಿಸಬಾರದು ಎಂಬ ತನ್ನ ನಿಯಮದ ಬಗ್ಗೆ ಆಗ ಪಟ್ಟ ಹೆಮ್ಮೆಯೂ ನೆನಪಿತ್ತು. ಗಂಡ ಒಳಗೆ ಬಂದು ಪುಸ್ತಕದ ವಿಷಯ ಹೇಳಿದ್ದು ಮಾತ್ರ ನೆನಪಿರಲಿಲ್ಲ.

ಹೇಳಿದ್ದರೂ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ ಎಂದುಕೊಂಡಳು. ಅವತ್ತಿನ ತನ್ನನ್ನು ಅವಳು ಚೆನ್ನಾಗಿ ಬಲ್ಲಳು.

*

ದಾಖಲೆ ಕಚೇರಿಯ ಮುಂದೆ ಕಾರು ನಿಂತಾಗ ನಾಲ್ಕು ಗಂಟೆ. ಐದಕ್ಕೆ ಬಾಗಿಲು ಹಾಕುತ್ತಾರೆ.

"ನೀನು ಒಳಗೆ ಹೋಗು," ಅಂದರು ಗಂಡ. ಹಿಂದಿನ ಸೀಟಿನಲ್ಲಿ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಗೋಡೆ ಗಡಿಯಾರವಿತ್ತು. "ಇದನ್ನ ಕೊಟ್ಟು ಬರಬೇಕು ನಾನು."

"ಯಾರ ಮನೆದು?"

"ಸೂಪರಿಂಟೆಂಡೆಂಟರದು. ಹಳೇ ಗಿರಾಕಿ."

ಯಾವ ಸೂಪರಿಂಟೆಂಡೆಂಟರು ಎಂದು ಕೇಳುವಷ್ಟು ವ್ಯವಧಾನ ಅವಳಿಗಿರಲಿಲ್ಲ. ಗಡಿಯಾರದ ಮುಳ್ಳಿಗಿಂತ ಮುಂದೆ ಓಡುತ್ತಿತ್ತು ಅವಳ ತಲೆ. ಮೆಟ್ಟಿಲು ಹತ್ತಿ ಎರಡನೇ ಮಹಡಿಗೆ ಬಂದಳು.

ದಾಖಲೆ ಕೋಣೆಯ ಗುಮಾಸ್ತನಿಗೆ ನಿವೃತ್ತಿಗೆ ಮೂರು ತಿಂಗಳು ಬಾಕಿ. ಒಂಬತ್ತು ವರ್ಷದ ಹಿಂದೆಯೂ ಇವನೇ ಇದ್ದ. ಅವಳನ್ನು ಕಂಡೊಡನೆ ಎದ್ದು ನಿಂತ. ಎಲ್ಲ ಕಚೇರಿಗಳಲ್ಲೂ ಅವಳಿಗೆ ಸಿಗುತ್ತಿದ್ದ ಮರ್ಯಾದೆ ಅದು. ಇವತ್ತು ಆ ಮರ್ಯಾದೆ ಮೈಗೆ ಹೊಂದದ ರವಿಕೆಯ ಹಾಗೆ ಚುಚ್ಚಿತು.

"ಕೂತ್ಕೊಳ್ಳಿ. ನರ್ಸಿಂಗ್ ಶಾಲೆಯ ರಿಜಿಸ್ಟರುಗಳು ಬೇಕು. ಏಳೂ."

"ಏಳೂನಾ?" ಗುಮಾಸ್ತ ಕುಳಿತುಕೊಳ್ಳಲಿಲ್ಲ. "ಅವತ್ತೂ ಏಳೂ ತಂದಿಟ್ಟಿದ್ದೆ ಮೇಡಂ. ಇದೇ ಮೇಜು. ನೀವೇ, 'ಇಷ್ಟೊಂದು ಧೂಳು ಯಾಕೆ ತಂದಿರಿ, ಒಂದೇ ಸಾಕು, ಮಿಕ್ಕಿದ್ದು ತಗೊಂಡು ಹೋಗಿ' ಅಂದಿರಿ."

"ಅಂದಿದ್ನಾ?"

"ನನಗೆ ಸೀನು ಬಂತು, ನೀವು ಬೈದಿರಿ. ಹಾಗಾಗಿ ನೆನಪಿದೆ."

ಅವಳು ಮೇಜಿನ ಮೇಲೆ ಕೈಯೂರಿ ನಿಂತಳು. ಯಾರೂ ಬಚ್ಚಿಟ್ಟಿರಲಿಲ್ಲ. ಯಾರೂ ಮೋಸ ಮಾಡಿರಲಿಲ್ಲ. ಸತ್ಯವನ್ನು ತಂದು ಕೈಯಳತೆಯಲ್ಲಿ ಇಟ್ಟಿದ್ದರು. ಧೂಳು ಅಂತ ಅವಳೇ ಆಚೆ ಕಳಿಸಿದ್ದಳು. ಕಳ್ಳರನ್ನು, ಖೊಟ್ಟಿ ಸಹಿಯವರನ್ನು ಎಷ್ಟೋ ಜನರನ್ನು ಇದೇ ಮೇಜಿನ ಮುಂದೆ ನಿಲ್ಲಿಸಿ ಬೆವರಿಳಿಸಿದ್ದಳು. ಅವರಿಗೆಲ್ಲ ಹೇಗಾಗಿತ್ತು ಅನ್ನುವುದು ಈಗ ತಿಳಿಯಿತು.

"ಈಗ ತನ್ನಿ," ಅಂದಳು. "ಧೂಳಿದ್ರೆ ಇರಲಿ."

ಗುಮಾಸ್ತ ಕಬ್ಬಿಣದ ಬೀರು ತೆಗೆದ. ಒಂದೊಂದಾಗಿ ಏಳು ಪುಸ್ತಕ ತಂದಿಟ್ಟ. ನರ್ಸಕ್ಕನ ವರ್ಷದ್ದು ಅವಳಿಗೆ ಗೊತ್ತೇ ಇತ್ತು. ಹಳದಿ ಪುಟಗಳ ನಡುವೆ ಅದೇ ಬಿಳಿ ಹಾಳೆ, ಹನ್ನೊಂದು ಹೆಸರು, ಏಳನೆಯದು ಅವಳದು. ಆ ಹನ್ನೊಂದರಲ್ಲಿ ವರದಿಯ ಹೊತ್ತಿಗೆ ಕೆಲಸದಲ್ಲಿ ಉಳಿದಿದ್ದವಳು ನರ್ಸಕ್ಕ ಒಬ್ಬಳೇ. ಅದನ್ನು ಪಕ್ಕಕ್ಕಿಟ್ಟು ಮುಂದಿನ ವರ್ಷದ ಪುಸ್ತಕ ತೆರೆದಳು.

ಫಲಿತಾಂಶದ ಜಾಗಕ್ಕೆ ಬಂದಳು. ಅಲ್ಲಿ ಹಾಳೆ ಇರಲಿಲ್ಲ.

ಬೆರಳಗಲದ ಬಿಳಿ ಪಟ್ಟಿಯೊಂದು ಹೊಲಿಗೆಯ ಪಕ್ಕದಲ್ಲಿ ಉಳಿದಿತ್ತು. ಚೂಪಾದ ಬ್ಲೇಡಿನಿಂದ, ಅಳತೆಪಟ್ಟಿ ಹಿಡಿದು ಕತ್ತರಿಸಿದ ಗುರುತು. ಅವಳು ಮೂರನೆಯದು ತೆರೆದಳು. ಪಟ್ಟಿ. ನಾಲ್ಕನೆಯದು. ಪಟ್ಟಿ. ಆರೂ ಪುಸ್ತಕಗಳಲ್ಲಿ ಅದೇ ಬೆರಳಗಲದ ಬಿಳಿ ಪಟ್ಟಿ, ಅದೇ ನೇರ ಗೆರೆ. ಪ್ರತಿಯೊಂದರ ಒಳರಟ್ಟಿಗೂ ಒಂದು ಕಾಗದ ಗುಂಡುಸೂಜಿಯಲ್ಲಿ ಸಿಕ್ಕಿಸಿತ್ತು.

ಅವಳದೇ ವರದಿಯ ನಕಲು. ಕೊನೆಯ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು.

"ಯಾರು ಕತ್ತರಿಸಿದ್ದು ಇದನ್ನ?"

"ಕಚೇರಿಯಿಂದಲೇ ಮೇಡಂ. ಆದೇಶ ಬಂದಿತ್ತು. ನಿಮ್ಮ ವರದಿ ಬಂದ ಒಂದು ವರ್ಷಕ್ಕೆ." ಗುಮಾಸ್ತನ ದನಿಯಲ್ಲಿ ಅನುಮಾನ ಸೇರಿಕೊಂಡಿತು. "ನಿಮಗೆ ಗೊತ್ತಿರಬೇಕಲ್ಲ. ಬಿಳಿ ಹಾಳೆ ಅಂದ್ರೆ ಖೊಟ್ಟಿ ಅಂತ ನೀವು ಬರೆದಿದ್ರಿ. ಮಿಕ್ಕ ಆರು ಪುಸ್ತಕದಲ್ಲೂ ಬಿಳಿ ಹಾಳೆ ಇದೆ ಅಂತ ಆಸ್ಪತ್ರೆ ಸೂಪರಿಂಟೆಂಡೆಂಟರು ಪತ್ರ ಬರೆದ್ರು. ಆರನ್ನೂ ಕತ್ತರಿಸಿ ಪರೀಕ್ಷೆಗೆ ನಿಮಗೇ ಕಳಿಸಿ, ಒಂದು ತಿಂಗಳಲ್ಲಿ ಉತ್ತರ ಬರದಿದ್ರೆ ಮೊದಲಿನ ಅಭಿಪ್ರಾಯವೇ ಇವಕ್ಕೂ ಅನ್ವಯ ಅಂತ ಆದೇಶ."

"ನನಗೆ ಕಳಿಸಿದ್ರಾ?"

"ಕಳಿಸಿದ್ವಿ. ನೀವು ಉತ್ತರ ಬರೀಲಿಲ್ಲ."

"ಆಮೇಲೆ?"

"ಆಮೇಲೇನು. ಆರು ಹಾಳೆಯಲ್ಲಿ ಅರವತ್ತೆರಡು ಹೆಸರು. ಸುಮಾರು ಜನ ಮದುವೆ ಆಗಿ ಕೆಲಸ ಬಿಟ್ಟಿದ್ರು, ಕೆಲವರು ತೀರಿಕೊಂಡಿದ್ರು. ಆಸ್ಪತ್ರೆಗಳಲ್ಲಿ ಇದ್ದವರು ಒಂಬತ್ತು ಜನ. ಗಲಾಟೆ ಬೇಡ ಅಂತ ಸದ್ದಿಲ್ಲದೆ ರಾಜೀನಾಮೆ ಬರೆಸಿಕೊಂಡ್ರು. ಒಬ್ಬಳು ಬಂದು ಇಲ್ಲೇ, ಈ ಬೀರುವಿನ ಮುಂದೆ ಕೂತು ಅತ್ತಳು. 'ನಾನು ಓದಿದ್ದೆ, ನಿಜವಾಗಿ ಓದಿದ್ದೆ' ಅಂತ. ನಾನೇನು ಮಾಡಲಿ? ನಿಮ್ಮ ವರದಿ ತೋರಿಸಿ ಕಳಿಸಿದೆ."

ಒಬ್ಬಳಲ್ಲ. ನರ್ಸಕ್ಕನೂ ಸೇರಿ ಹತ್ತು ಜನ.

ಅವಳು ಇಡೀ ದಿನ ಒಂದು ತಪ್ಪನ್ನು ಹೊತ್ತುಕೊಂಡು ತಿರುಗಿದ್ದಳು. ಅದೇ ಭಾರವೆನ್ನಿಸಿತ್ತು. ಅದರ ಬೆನ್ನ ಹಿಂದೆ ಇಷ್ಟು ಜನ ಸಾಲು ನಿಂತಿದ್ದಾರೆಂದು ಗೊತ್ತಿರಲಿಲ್ಲ. ಮೇಲೆ ನೋಡಿದರೆ ಗುಮಾಸ್ತನ ಮುಖ, ಕೆಳಗೆ ನೋಡಿದರೆ ತನ್ನದೇ ಸಹಿ. ಎಲ್ಲಿ ನೋಡುವುದೆಂದು ತಿಳಿಯದೆ ಕಿಟಕಿಯ ಕಡೆ ತಿರುಗಿ ನಿಂತಳು.

ಆದರೂ ಇಪ್ಪತ್ತೇಳು ವರ್ಷದ ಕಸುಬು ಸುಮ್ಮನೆ ಕೂರುವುದಿಲ್ಲ. ಪಟ್ಟಿಗಳು ಬಿಳಿಯಾಗಿಯೇ ಇವೆ. ಆದರೆ ಪಟ್ಟಿಯ ಮೇಲೆ ಅಕ್ಷರವಿಲ್ಲ, ಮೊಹರಿಲ್ಲ. ನಾಳೆ ಇವನ್ನು ತೋರಿಸಿದರೆ ಸೂಪರಿಂಟೆಂಡೆಂಟರ ವಕೀಲ ನಗುತ್ತಾನೆ. ಇವೂ ಖೊಟ್ಟಿ, ಅದಕ್ಕೇ ಕತ್ತರಿಸಿದ್ದು, ನಿಮ್ಮ ಪರೀಕ್ಷಕಿಯೇ ಹೇಳಿದ್ದಾಳೆ ಅನ್ನುತ್ತಾನೆ. ಮಂಡಳಿಯ ಮೊಹರು ಇರುವ ಆ ಆರು ಹಾಳೆಗಳೇ ಬೇಕು. ಅವಿಲ್ಲದೆ ನರ್ಸಕ್ಕನಿಗೆ ನಾಳೆ ಹನ್ನೊಂದು ಗಂಟೆಯ ಮೇಲೆ ದಾರಿಯಿಲ್ಲ.

"ಆ ಹಾಳೆಗಳು ನನ್ನ ಕೈ ಸೇರಲೇ ಇಲ್ಲ," ಅಂದಳು.

"ಹಾಗಂದ್ರೆ ಹೇಗೆ ಮೇಡಂ? ಪಡೆದುಕೊಂಡ ಸಹಿ ಇದೆ."

ಗುಮಾಸ್ತನಿಗೆ ಈಗ ತನ್ನ ಪಿಂಚಣಿಯ ಯೋಚನೆ. ಗಡಿಬಿಡಿಯಿಂದ ರವಾನೆ ಪುಸ್ತಕ ತೆಗೆದು ಹಾಳೆ ಮಗುಚಿದ. ಬೆರಳು ಸಾಲುಗಳ ಮೇಲೆ ಇಳಿಯುತ್ತ ಹೋಗಿ ಒಂದು ಕಡೆ ನಿಂತಿತು. "ನೋಡಿ. ಆರು ಹಾಳೆ, ಮೊಹರು ಮಾಡಿದ ಲಕೋಟೆ, ಪರೀಕ್ಷಕಿಯವರ ಪರವಾಗಿ ಪಡೆದಿದೆ."

ತಾರೀಖು ನೋಡಿದಳು. ಸನ್ಮಾನದ ಹಿಂದಿನ ದಿನ.

ಸಹಿ ನೋಡಿದಳು. ಚೀಲದಲ್ಲಿದ್ದ ಭೂತಗನ್ನಡಿಯ ಕಡೆ ಕೈ ಹೋಗಲಿಲ್ಲ. ಸಹಿಯ ಕೆಳಗೆ ಒಂದು ಸಣ್ಣ ಕೊಕ್ಕೆ ಇತ್ತು.

ಗುಮಾಸ್ತ ಕುಡಿಯಲು ನೀರು ತರಲೇ ಎಂದು ಕೇಳಿದ್ದು ದೂರದಿಂದ ಕೇಳಿಸಿತು. ಮೆಟ್ಟಿಲ ಮೇಲೆ ಕುಳಿತ ನರ್ಸಕ್ಕನಿಗೆ ನೀರು ಕೊಟ್ಟವರು ಗಂಡ. ಬೇರೆ ಪುಸ್ತಕ ನೋಡಲು ಹೇಳಿ ಎಂಬ ಮಾತು ಕೇಳಿಸಿಕೊಂಡವರು ಅವರು. ಆರು ಹಾಳೆ ತಂದವರು ಅವರು. ಮಾರನೆಯ ದಿನ ಸಭಾಂಗಣದ ಮೊದಲ ಸಾಲಿನಲ್ಲಿ ಕುಳಿತು, 'ಸತ್ಯಕ್ಕೆ ನೆಂಟಸ್ತಿಕೆ ಇಲ್ಲ' ಅನ್ನುವುದನ್ನು ಕೇಳಿ ಚಪ್ಪಾಳೆ ತಟ್ಟಿದವರೂ ಅವರೇ. ಎಂಟು ವರ್ಷ ಒಂದೇ ಮೇಜಿನಲ್ಲಿ ಊಟ.

ಹೆಂಡತಿಯ ಮಾನ ಉಳಿಸಲು ಮುಚ್ಚಿಟ್ಟರೋ, ಹಳೇ ಗಿರಾಕಿಯ ಮಾನ ಉಳಿಸಲೋ?

ಅವಳು ಕಿಟಕಿಯಿಂದ ಕೆಳಗೆ ನೋಡಿದಳು. ಕಾರು ಬಂದಿರಲಿಲ್ಲ. ಗೋಡೆ ಗಡಿಯಾರ ಕೊಟ್ಟು ಬರಲು ಒಂದು ಗಂಟೆ ಬೇಕಾಗಿಲ್ಲ.

ಮೊಬೈಲ್ ತೆಗೆದು ಗಂಡನ ನಂಬರು ಒತ್ತಿದಳು. ಮೊದಲ ರಿಂಗಿಗೇ ಎತ್ತಿದರು.

"ಎಲ್ಲಿದ್ದೀರಿ?"

"ಮನೇಲಿ." ದನಿ ಎಂದಿನಂತೆ ಇತ್ತು. ಸ್ವಲ್ಪ ಏದುಸಿರು. ಅಟ್ಟದ ಏಣಿ ಹತ್ತಿ ಇಳಿದರೆ ಅವರಿಗೆ ಹಾಗಾಗುತ್ತದೆ. "ಗಡಿಯಾರ ಇನ್ನೂ ಕೊಟ್ಟಿಲ್ಲ. ನೀನು ಎಷ್ಟು ಹೊತ್ತಿಗೆ ಹೊರಡ್ತೀಯಾ?"

"ರೀ, ಎಂಟು ವರ್ಷದ ಹಿಂದೆ ಇಲ್ಲಿಂದ ಒಂದು ಲಕೋಟೆ ತಂದಿದ್ರಿ."

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಕಿವಿ ಕೊಟ್ಟು ಕೇಳುವುದನ್ನು ಅವಳು ಇವತ್ತು ಬೆಳಿಗ್ಗೆಯಷ್ಟೇ ಕಲಿತದ್ದು.

"ಅದನ್ನ ಏನು ಮಾಡಿದ್ರಿ?"

ಆ ಕಡೆಯಿಂದ ಕಾಗದ ಸರಿದ ಸದ್ದು ಬಂತು. ಆಮೇಲೆ, ಫೋನಿಗೆ ತೀರ ಹತ್ತಿರದಲ್ಲಿ, ಸಣ್ಣದಾಗಿ, ಒಣದಾಗಿ, ಬೆಳಿಗ್ಗೆ ಗೋದಾಮಿನಲ್ಲಿ ಕೇಳಿದ ಅದೇ ಸದ್ದು ಕೇಳಿಸಿತು.

ಚಟ್.